ಹಳೆಯ ಫೋನಿನ ವಯಸ್ಸು ಪೆಟ್ಟಿಗೆಯ ಮೇಲೆ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ನನ್ನ ತಂದೆಯವರ ಕೈಹಿಡಿದು ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋಗುತ್ತಿದ್ದ ಕಾಲದಲ್ಲಿ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಎತ್ತಿನ ಬೆಲೆ ಕಟ್ಟುವ ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ತಿಳಿಯುವುದು ತಪ್ಪದ ಕ್ರಮವಾಗಿತ್ತು. ಎರಡು ಹಲ್ಲೋ, ನಾಲ್ಕು ಹಲ್ಲೋ, ಆರು ಹಲ್ಲೋ, ಬಾಯಿಗೂಡಿದೆಯೋ ಎಂಬುದನ್ನು ಮಾರುವವನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಮುಚ್ಚಿಡುವುದೂ ಅವನ ಕೈಯಲ್ಲಿರಲಿಲ್ಲ. ಕಳೆದ ಕಾರ್ತಿಕದಲ್ಲಿ ತುಮಕೂರಿನ ಅಂಗಡಿಯೊಂದರಲ್ಲಿ ಹಳೆಯ ಸ್ಮಾರ್ಟ್‌ಫೋನ್ ಒಂದನ್ನು ಕೊಂಡು, ಅದನ್ನು ಬಳಕೆಗೆ ಅಣಿಮಾಡಲು ಐದು ದಿನ ಪಟ್ಟ ಪಾಡಿನಲ್ಲಿ ನನಗೆ ಮತ್ತೆ ಮತ್ತೆ ನೆನಪಾದದ್ದು ಆ ಹಲ್ಲುಗಳೇ. ಫೋನಿಗೂ ವಯಸ್ಸಾಗುತ್ತದೆ, ಆದರೆ ಕೊಳ್ಳುವವನ ಕಣ್ಣಿಗೆ ಅದು ಬೀಳುವುದು ಹಣ ಕೊಟ್ಟು ಮನೆಗೆ ತಂದ ಮೇಲೆ. ಈ ವಿಷಯದಲ್ಲಿ ಸರ್ಕಾರ ಮಾಡಬಹುದಾದ ಒಂದು ಸಣ್ಣ ಕೆಲಸವಿದೆ ಎಂದು ನನಗೆ ತೋರಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಫೋನನ್ನು ನಾನು ಕೊಂಡದ್ದು ನನಗಾಗಿ ಅಲ್ಲ. ನಮ್ಮ ಬೀದಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಉದ್ಯೋಗ ಖಾತ್ರಿ ಕೆಲಸದಲ್ಲಿ ಕಾಯಕ ಬಂಧು, ಅಂದರೆ ಕೂಲಿಯವರ ಗುಂಪಿನ ಮೇಲ್ವಿಚಾರಕಿ. ಬೇರೆ ರಾಜ್ಯಗಳಲ್ಲಿ ಮೇಟ್ ಎಂದು ಕರೆಯುವ ಈ ಹೊಣೆಗೆ ನಮ್ಮಲ್ಲಿ ಇಟ್ಟಿರುವ ಹೆಸರು ಚೆನ್ನಾಗಿದೆ. ಆದರೆ ಆ ಹೊಣೆಯ ಜೊತೆಗೆ ಒಂದು ಸ್ಮಾರ್ಟ್‌ಫೋನ್ ಇರಲೇಬೇಕಾಗಿದೆ. ಕಾಮಗಾರಿಯ ಸ್ಥಳದಲ್ಲಿ ದಿನಕ್ಕೆ ಎರಡು ಬಾರಿ, ಹೊತ್ತು ಮತ್ತು ಜಾಗ ದಾಖಲಾಗುವಂತೆ ಕೂಲಿಯವರ ಚಿತ್ರ ತೆಗೆದು ಆ್ಯಪ್‌ಗೆ ಏರಿಸಬೇಕೆಂಬ ವ್ಯವಸ್ಥೆ 2021ರ ಮೇ ತಿಂಗಳಲ್ಲಿ ಆರಂಭವಾಯಿತು, 2022ರ ಮೇ 16ರಿಂದ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಕೂಲಿಯವರಿರುವ ಸ್ಥಳಗಳಿಗೆ ಕಡ್ಡಾಯವಾಯಿತು, 2023ರ ಜನವರಿ 1ರಿಂದ ವೈಯಕ್ತಿಕ ಫಲಾನುಭವಿಗಳ ಕಾಮಗಾರಿ ಬಿಟ್ಟು ಉಳಿದೆಲ್ಲ ಕಾಮಗಾರಿಗಳಿಗೂ ಅನ್ವಯವಾಯಿತು. ಅವಳ ಹಳೆಯ ಫೋನ್ ಕೆರೆಯ ಹೂಳಿನಲ್ಲಿ ಬಿದ್ದು ಕೆಟ್ಟಿತ್ತು. “ಸಾರ್, ಹೊಸದಕ್ಕೆ ಹತ್ತು ಸಾವಿರ ಎಲ್ಲಿಂದ ತರ್ಲಿ, ಮೂರು ಸಾವಿರದ ಒಳಗೆ ಯಾವುದಾದ್ರೂ ನೋಡಿ ಕೊಡಿಸಿ” ಎಂದು ಕೇಳಿದಳು. ಕರ್ನಾಟಕದಲ್ಲಿ 2025–26ನೇ ಸಾಲಿಗೆ ಈ ಯೋಜನೆಯ ದಿನಗೂಲಿ 370 ರೂಪಾಯಿ ಇತ್ತು. ನಾವು ಕೊಟ್ಟ 2,900 ರೂಪಾಯಿ ಹೆಚ್ಚುಕಡಿಮೆ ಎಂಟು ದಿನದ ಕೂಲಿ. ಇಷ್ಟು ಹಣದ ವಿಷಯಕ್ಕೆ ಪತ್ರಿಕೆಯ ಜಾಗವೇ ಎಂದು ಯಾರಾದರೂ ಮೂಗು ಮುರಿದರೆ, ಈ ಲೆಕ್ಕವನ್ನು ಅವರ ಗಮನಕ್ಕೆ ತರಬಯಸುತ್ತೇನೆ.

ಅಂಗಡಿಯಲ್ಲಿ ನಾನು ನೋಡಿದ್ದು ನನ್ನ ವಯಸ್ಸಿನವರೆಲ್ಲ ನೋಡುವುದನ್ನೇ. ಗಾಜು ಒಡೆದಿಲ್ಲ, ಕ್ಯಾಮೆರಾ ಚೊಕ್ಕವಾಗಿದೆ, ಸ್ಪೀಕರ್ ಕೇಳಿಸುತ್ತದೆ, ಚಾರ್ಜರ್ ಪಿನ್ ಅಲುಗುವುದಿಲ್ಲ. ಹಿಂಬದಿಯ ಮುಚ್ಚಳ ಒಂದು ಕಡೆ ಕೊಂಚ ಉಬ್ಬಿದ್ದನ್ನು ಕಂಡು ಬ್ಯಾಟರಿ ಊದಿದೆಯೆಂದು ತಕರಾರು ತೆಗೆದಾಗ, ಹುಡುಗ ಬೇರೆ ಬ್ಯಾಟರಿ ಹಾಕಿಕೊಟ್ಟು ಅದಕ್ಕೆ ಪ್ರತ್ಯೇಕವಾಗಿ ಆರುನೂರು ರೂಪಾಯಿ ತೆಗೆದುಕೊಂಡ. “ಕಂಡೀಷನ್ ಸೂಪರ್ ಇದೆ ಸಾರ್, ಒಂದೇ ಕೈಯ ಪೀಸು” ಎಂಬ ಅವನ ಮಾತಿನಲ್ಲಿ ಸುಳ್ಳಿರಲಿಲ್ಲ ಎಂದೇ ನಾನು ಈಗಲೂ ನಂಬಿದ್ದೇನೆ. ಫೋನ್ 2017ರಲ್ಲಿ ಮಾರುಕಟ್ಟೆಗೆ ಬಂದದ್ದು, ಅದನ್ನು ಇಟ್ಟುಕೊಂಡಿದ್ದವರು ಜೋಪಾನವಾಗಿ ಇಟ್ಟುಕೊಂಡಿದ್ದರು. ಯಂತ್ರವಾಗಿ ಅದರಲ್ಲಿ ದೋಷವಿರಲಿಲ್ಲ, ಈಗಲೂ ಇಲ್ಲ. ಕಷ್ಟ ಶುರುವಾದದ್ದು ಊರಿಗೆ ಬಂದು ಚಾವಡಿಯಲ್ಲಿ ಕುಳಿತು ಅದನ್ನು ಹೊಸದಾಗಿ ತೆರೆದಾಗ.

ಮೊದಲನೆಯದು ಹಳೆಯ ಮಾಲೀಕರ ಬೀಗ. ಅಂಗಡಿಯವನು ಫೋನಿನಲ್ಲಿದ್ದುದನ್ನೆಲ್ಲ ಅಳಿಸಿ ಕೊಟ್ಟಿದ್ದ, ಆದರೆ ಅಳಿಸುವ ಮೊದಲು ಹಿಂದಿನವರ ಗೂಗಲ್ ಖಾತೆಯನ್ನು ತೆಗೆದಿರಲಿಲ್ಲ. ಹೀಗೆ ಮಾಡಿದಾಗ, ಕಳ್ಳನ ಕೈಗೆ ಸಿಕ್ಕಿದ ಫೋನ್ ಅವನಿಗೆ ಉಪಯೋಗಕ್ಕೆ ಬಾರದಿರಲೆಂದು 2015ರಲ್ಲಿ, ಫೋನನ್ನು ನಡೆಸುವ ತಂತ್ರಾಂಶವಾದ ಆಂಡ್ರಾಯ್ಡ್‌ನ 5.1ನೇ ಆವೃತ್ತಿಯಿಂದ ಬಂದಿರುವ ರಕ್ಷಣಾ ಏರ್ಪಾಡು ಎಚ್ಚೆತ್ತು, ಹಿಂದಿನ ಖಾತೆಯ ಪಾಸ್‌ವರ್ಡ್ ಕೊಡುವವರೆಗೂ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಒಳ್ಳೆಯ ಏರ್ಪಾಡೇ, ಆದರೆ ಪ್ರಾಮಾಣಿಕವಾಗಿ ಕೊಂಡವರನ್ನೂ ಅದು ಕಳ್ಳರ ಸಾಲಿನಲ್ಲಿಯೇ ನಿಲ್ಲಿಸುತ್ತದೆ. ಮರುದಿನ ಬಸ್ಸು ಹತ್ತಿ ಮತ್ತೆ ಅಂಗಡಿಗೆ ಹೋದೆವು. ಮುನ್ನೂರು ರೂಪಾಯಿ ಕೊಟ್ಟರೆ ಬೈಪಾಸ್ ಮಾಡಿಕೊಡುತ್ತೇನೆ ಎಂದ ಹುಡುಗ. ಬೀಗ ಒಡೆದ ಮನೆಗೆ ಗೃಹಪ್ರವೇಶ ಮಾಡಿದ ಹಾಗಾಗುತ್ತದೆ ಎಂದು ನಾನು ಒಪ್ಪಲಿಲ್ಲ. ಕೊನೆಗೆ ಹಿಂದಿನ ಮಾಲೀಕರಿಗೇ ಕರೆ ಮಾಡಿದೆವು. ಆ ಯುವಕ ಒಂದು ಕ್ಷಣವೂ ಅನುಮಾನಿಸದೆ ತನ್ನ ಪಾಸ್‌ವರ್ಡನ್ನು ಫೋನಿನಲ್ಲಿಯೇ ಹೇಳಲು ಹೊರಟ! ಅವನನ್ನು ತಡೆದು, ಅಂಗಡಿಗೆ ಬಂದು ತಾನೇ ಖಾತೆ ತೆರೆದು, ಅದನ್ನು ಫೋನಿನಿಂದ ತೆಗೆದುಕೊಡುವಂತೆ ಕೇಳಿಕೊಂಡೆ. ಸಂಜೆ ಕೆಲಸ ಮುಗಿಸಿಕೊಂಡು ಬಂದು ಮಾಡಿಕೊಟ್ಟ. ಹಳೆಯ ಫೋನ್ ಮಾರುವವರು ಸೆಟ್ಟಿಂಗ್ಸ್‌ನಲ್ಲಿ ಖಾತೆಗಳ ವಿಭಾಗಕ್ಕೆ ಹೋಗಿ ತಮ್ಮ ಖಾತೆಯನ್ನು ತೆಗೆದ ಮೇಲೆಯೇ ರೀಸೆಟ್ ಮಾಡಬೇಕು. ಎರಡು ನಿಮಿಷದ ಈ ಕೆಲಸ ಮೊದಲೇ ಆಗಿದ್ದರೆ ನಮ್ಮ ಒಂದು ದಿನ ಉಳಿಯುತ್ತಿತ್ತು.

ಅಂಗಡಿಯಲ್ಲಿ ಕಾಯುತ್ತಿದ್ದ ಆ ಹೊತ್ತಿನಲ್ಲಿ, ಕೊಳ್ಳುವ ಮೊದಲೇ ಮಾಡಬೇಕಾಗಿದ್ದ ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. *#06# ಎಂದು ಒತ್ತಿದರೆ ಫೋನಿನ ಗುರುತಾದ ಹದಿನೈದು ಅಂಕಿಯ ಐಎಂಇಐ ಸಂಖ್ಯೆ ತೆರೆಯ ಮೇಲೆ ಬರುತ್ತದೆ; ಎರಡು ಸಿಮ್ ಹಾಕುವ ಫೋನಿನಲ್ಲಿ ಎರಡು ಸಂಖ್ಯೆಗಳಿರುತ್ತವೆ, ಎರಡನ್ನೂ ನೋಡಬೇಕು. ಇಂಗ್ಲಿಷಿನ ಕೆ, ವೈ, ಎಂ ಅಕ್ಷರಗಳನ್ನು ಬರೆದು, ಒಂದು ಜಾಗ ಬಿಟ್ಟು, ಆ ಸಂಖ್ಯೆಯನ್ನು ಸೇರಿಸಿ 14422ಕ್ಕೆ ಸಂದೇಶ ಕಳಿಸಿದರೆ ಫೋನಿನ ಕಂಪನಿ, ಮಾದರಿ, ಅದು ತಡೆಹಿಡಿಯಲ್ಪಟ್ಟಿದೆಯೇ ಎಂಬ ವಿವರ ಬರುತ್ತದೆ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿಯೂ ಇದು ಸಾಧ್ಯ. ದೂರಸಂಪರ್ಕ ಇಲಾಖೆ 2025ರ ಅಕ್ಟೋಬರ್‌ನಲ್ಲಿ ತಿದ್ದುಪಡಿ ಮಾಡಿದ ಸೈಬರ್ ಸುರಕ್ಷತಾ ನಿಯಮಗಳ ಪ್ರಕಾರ, ಬಳಸಿದ ಫೋನ್‌ಗಳ ವ್ಯಾಪಾರ ಮಾಡುವವರು ತಡೆಹಿಡಿದ ಐಎಂಇಐಗಳ ಕಪ್ಪುಪಟ್ಟಿಯ ದತ್ತಾಂಶ ನೋಡಿಕೊಂಡೇ ವ್ಯವಹರಿಸಬೇಕು. ಐಎಂಇಐ ತಿದ್ದುವುದು 2023ರ ದೂರಸಂಪರ್ಕ ಕಾಯ್ದೆಯಡಿ ಮೂರು ವರ್ಷದವರೆಗೆ ಸೆರೆವಾಸ, ಐವತ್ತು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡಕ್ಕೂ ಗುರಿಮಾಡುವ ಅಪರಾಧ. ಅಂಗಡಿಯ ಹುಡುಗನಿಗೆ 14422ರ ಸಂಗತಿಯೇ ಗೊತ್ತಿರಲಿಲ್ಲ. ನನ್ನ ಫೋನಿಗೆ ಬಂದ ಉತ್ತರವನ್ನು ಕುತೂಹಲದಿಂದ ಓದಿ, ಆ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದುಕೊಂಡ. ಕದ್ದ ಮಾಲನ್ನು ಗುರುತಿಸಲು ಇಷ್ಟು ಸುಲಭದ ದಾರಿ ಮಾಡಿಕೊಟ್ಟ ಸರ್ಕಾರ, ಕದ್ದದ್ದಲ್ಲದಿದ್ದರೂ ಕಾಲ ಮುಗಿದಿರುವ ಮಾಲನ್ನು ಗುರುತಿಸಲು ಏನನ್ನೂ ಮಾಡಿಲ್ಲ ಎಂಬುದು ನನ್ನ ತಕರಾರು.

ಏಕೆಂದರೆ ನಿಜವಾದ ತೊಡಕು ಬಂದದ್ದು ಬೀಗ ತೆರೆದ ನಂತರ. ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರ ದಪ್ಪಮಾಡಿ, ಮೊದಲೇ ತುಂಬಿಟ್ಟಿದ್ದ ಬೇಡದ ಆ್ಯಪ್‌ಗಳನ್ನು ತೆಗೆದು, ಅವಳ ಸಿಮ್ ಹಾಕಿ ಕೊಟ್ಟಾಗ ಎಲ್ಲವೂ ಸರಿಹೋಯಿತು ಎಂದುಕೊಂಡಿದ್ದೆವು. ಜಾಲತಾಣ ತೆರೆಯಲು ಹೋದರೆ ಈ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ. ಮೊದಲು ಅದಕ್ಕೆ ಕಾರಣ ಫೋನಿನ ಗಡಿಯಾರ ಎಂದು ತಿಳಿದೆ. ಬ್ಯಾಟರಿ ಬದಲಿಸಿದ್ದರಿಂದ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಅದನ್ನು ಸರಿಪಡಿಸಿದ ಮೇಲೆ ಕೆಲವು ತಾಣಗಳು ತೆರೆದವು, ಹಲವು ತೆರೆಯಲಿಲ್ಲ. ಇದರ ಮೂಲ ಹುಡುಕುತ್ತಾ ನಾನು ಕಲಿತದ್ದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಹಳೆಯ ಫೋನ್ ಇಟ್ಟುಕೊಂಡ ಬಹಳ ಮಂದಿ ಇದನ್ನು ನೆಟ್‌ವರ್ಕ್ ದೋಷವೆಂದು ತಿಳಿದು ಸಿಮ್ ಬದಲಿಸುತ್ತಾ ಕೂರುತ್ತಾರೆ.

ಪ್ರತಿಯೊಂದು ಜಾಲತಾಣವೂ ತಾನು ಅಸಲಿ ಎಂದು ತೋರಿಸಲು ನೋಟರಿಯ ಮುದ್ರೆಯಂತಹ ಒಂದು ಪ್ರಮಾಣಪತ್ರವನ್ನು ಮುಂದಿಡುತ್ತದೆ. ಯಾವ ಯಾವ ನೋಟರಿಗಳನ್ನು ನಂಬಬೇಕೆಂಬ ಪಟ್ಟಿ ಫೋನಿನ ಒಳಗೇ ಇರುತ್ತದೆ, ಇಂತಹ ಹಳೆಯ ಫೋನ್‌ಗಳಲ್ಲಿ ಕಂಪನಿಯವರು ಅಪ್‌ಡೇಟ್ ಕೊಟ್ಟಾಗ ಮಾತ್ರ ಅದು ಹಿಗ್ಗುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸಂಸ್ಥೆ ಜಗತ್ತಿನ ಅಸಂಖ್ಯ ತಾಣಗಳಿಗೆ ಇಂತಹ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುತ್ತಿದೆ. ಅದರ ಸ್ವಂತ ಮುದ್ರೆಯನ್ನು ಗುರುತಿಸುವುದು ಆಂಡ್ರಾಯ್ಡ್ 7.1.1 ಮತ್ತು ಅದರ ನಂತರದ ಆವೃತ್ತಿಗಳು ಮಾತ್ರ. ಹಿಂದಿನ ಫೋನ್‌ಗಳಿಗಾಗಿ ಬೇರೊಂದು ಹಳೆಯ ಸಂಸ್ಥೆಯ ಮುದ್ರೆಯನ್ನು ಎರವಲು ಪಡೆದು ನಡೆಸುತ್ತಿದ್ದ ಏರ್ಪಾಡು 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ನಾವು ಕೊಂಡ ಫೋನಿನಲ್ಲಿದ್ದದ್ದು ಆಂಡ್ರಾಯ್ಡ್ 7.0! ಜಾಲತಾಣ ತೆರೆಯುವ ಕ್ರೋಮ್ ಬ್ರೌಸರನ್ನು ಆ ಫೋನಿಗೆ ಸಿಗುವ ಕೊನೆಯ ಆವೃತ್ತಿಗೆ ಏರಿಸಿದಾಗ, ಅದು ನಂಬಿಕೆಯ ಪಟ್ಟಿಯನ್ನು ತನ್ನೊಡನೆಯೇ ತರುವುದರಿಂದ, ಮುಚ್ಚಿದ್ದ ತಾಣಗಳು ತೆರೆದವು. ಆದರೆ ಆ ಬ್ರೌಸರ್‌ಗೂ ಆಯಸ್ಸು ಮುಗಿದಿದೆ. ಕ್ರೋಮ್‌ನ 119ನೇ ಆವೃತ್ತಿಯೇ ಆಂಡ್ರಾಯ್ಡ್ 7ಕ್ಕೆ ಕೊನೆಯದು. 2025ರಲ್ಲಿ ಬಂದ 139ನೇ ಆವೃತ್ತಿಗೆ ಆಂಡ್ರಾಯ್ಡ್ 10 ಬೇಕು. ಅಂದರೆ ಎರಡೇ ವರ್ಷಗಳಲ್ಲಿ ಕೆಳಗಿನ ಮೂರು ಮೆಟ್ಟಿಲುಗಳನ್ನು ಕಿತ್ತಂತಾಯಿತು.

ವಾಟ್ಸ್‌ಆ್ಯಪ್ ನಡೆಯಿತು. 2025ರ ಜನವರಿ 1ರಿಂದ ಅದು ಆಂಡ್ರಾಯ್ಡ್ 5ಕ್ಕಿಂತ ಹಿಂದಿನ ಫೋನ್‌ಗಳನ್ನು ಕೈಬಿಟ್ಟಿದ್ದರೂ ನಮ್ಮದು ಆ ಗೆರೆಯ ಈಚೆ ಇತ್ತು. ಹಾಜರಾತಿಯ ಕೆಲಸವೂ ನಿಧಾನವಾಗಿಯಾದರೂ ಸಾಗುತ್ತಿದೆ. ಅವಳ ಖಾತೆಯಿರುವ ಬ್ಯಾಂಕಿನ ಆ್ಯಪ್ ಮಾತ್ರ, ನಿಮ್ಮ ಸಾಧನ ಈ ಆವೃತ್ತಿಗೆ ಹೊಂದುವುದಿಲ್ಲ ಎಂದು ಹೊರಗೇ ನಿಲ್ಲಿಸಿತು. ಬ್ಯಾಂಕಿನವರನ್ನು ನಾನು ದೂರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರ ತೆರೆದು ಭದ್ರತಾ ಪ್ಯಾಚ್ ಎಂಬ ಸಾಲನ್ನು ನೋಡಿದಾಗ ಅಲ್ಲಿದ್ದದ್ದು 2018ರ ಕೊನೆಯ ತಾರೀಖು. ಅಂದಿನಿಂದ ಪತ್ತೆಯಾದ ಯಾವ ಬಿರುಕಿಗೂ ಆ ಫೋನಿನಲ್ಲಿ ತೇಪೆ ಬಿದ್ದಿಲ್ಲ. ಹಣದ ವ್ಯವಹಾರವನ್ನು ಇಂತಹದರಲ್ಲಿ ಮಾಡಬೇಡ ಎಂದು ನಾನೇ ಅವಳಿಗೆ ಹೇಳಿದೆ. ರಿಸರ್ವ್ ಬ್ಯಾಂಕ್ 2022ರ ಮಾರ್ಚ್ 8ರಂದು ಸಾಮಾನ್ಯ ಕೀಪ್ಯಾಡ್ ಫೋನ್‌ಗಳಿಗಾಗಿ ಆರಂಭಿಸಿದ ಯುಪಿಐ 123ಪೇ ಸೇವೆಯನ್ನು ಮನೆಯಲ್ಲಿರುವ ಕೀಪ್ಯಾಡ್ ಸೆಟ್‌ನಲ್ಲಿಯೇ ಮಾಡಿಕೊಳ್ಳುವಂತೆ ತೋರಿಸಿಕೊಟ್ಟೆ. ನನ್ನ ತಂಗಿಯ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ಕಂಪನಿಯ ಆಂಡ್ರಾಯ್ಡ್ ತೆಗೆದು ಲಿನಿಯೇಜ್ ಓಎಸ್ ಎಂಬ ಬೇರೆ ತಂತ್ರಾಂಶವನ್ನು ಹಾಕಿದರೆ ಫೋನ್ ಹೊಸದಾಗುತ್ತದೆ ಮಾವ ಎಂದ. ಆಗುತ್ತದಂತೆ, ಆದರೆ ಹಾಗೆ ಮಾಡಿದ ಫೋನನ್ನು ಬ್ಯಾಂಕಿನ ಆ್ಯಪ್‌ಗಳು ಹಲವು ಬಾರಿ ಒಪ್ಪುವುದಿಲ್ಲವೆಂದೂ ಅವನೇ ಹೇಳಿದ್ದರಿಂದ ಆ ಸಾಹಸಕ್ಕೆ ಕೈಹಾಕಲಿಲ್ಲ.

ಈಗ ನನ್ನ ಕೋರಿಕೆಗೆ ಬರುತ್ತೇನೆ. ನಮ್ಮ ರೈತ ಬಿತ್ತನೆ ಬೀಜದ ಚೀಲ ಕೊಂಡರೆ ಅದಕ್ಕೆ ಕಟ್ಟಿದ ಚೀಟಿಯಲ್ಲಿ ಮೊಳಕೆಯ ಪ್ರಮಾಣ, ಪರೀಕ್ಷೆ ಮಾಡಿದ ದಿನ, ಎಂದಿನವರೆಗೆ ಬಿತ್ತಬಹುದು ಎಂಬುದು ಅಚ್ಚಾಗಿರುತ್ತದೆ. ಮಾತ್ರೆಯ ಹಾಳೆಯ ಮೇಲೆ ದಿನಾಂಕವಿದೆ. ಹಳೆಯ ಬೈಕ್ ಕೊಂಡರೆ ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ, ನೋಂದಣಿಯ ಅವಧಿ ಎಲ್ಲವೂ ಇದೆ. ಫೋನಿನ ಪೆಟ್ಟಿಗೆಯ ಮೇಲೂ 2011ರ ಕಾನೂನು ಮಾಪನಶಾಸ್ತ್ರ ನಿಯಮಗಳ ಪ್ರಕಾರ ತಯಾರಿಕೆಯ ತಿಂಗಳು, ವರ್ಷ, ಗರಿಷ್ಠ ಮಾರಾಟ ಬೆಲೆ, ಗ್ರಾಹಕರು ದೂರು ಕೊಡಬೇಕಾದ ವಿಳಾಸ ಇರಲೇಬೇಕು. ಆದರೆ ಫೋನ್ ಹುಟ್ಟಿದ್ದು ಯಾವಾಗ ಎಂಬುದಕ್ಕಿಂತ ಅದರ ಆರೈಕೆ ನಿಲ್ಲುವುದು ಯಾವಾಗ ಎಂಬುದೇ ಮುಖ್ಯ. ಅದೇ ನಿಯಮಗಳಿಗೆ ಇನ್ನೊಂದು ಸಾಲು ಸೇರಿಸಿ, ಈ ಫೋನಿಗೆ ಸುರಕ್ಷತಾ ಅಪ್‌ಡೇಟ್ ಇಂತಹ ತಿಂಗಳವರೆಗೆ ಖಚಿತ ಎಂದು ಪೆಟ್ಟಿಗೆಯ ಮೇಲೆ ಮತ್ತು ಫೋನಿನ ಒಳಗೆ, ವಿವರದ ಪುಟದಲ್ಲಿ, ಕನ್ನಡದಲ್ಲಿಯೂ ಓದುವಂತೆ ಬರೆಯಬೇಕೆಂದು ಕಡ್ಡಾಯಪಡಿಸಲು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಗೆ ಏನು ಅಡ್ಡಿ? ಪೆಟ್ಟಿಗೆ ಎರಡನೇ ಕೈಗೆ ಬರುವಷ್ಟರಲ್ಲಿ ಕಳೆದುಹೋಗಿರುತ್ತದೆ. ಆದ್ದರಿಂದ ಫೋನಿನ ಒಳಗಿನ ಸಾಲೇ ಹೆಚ್ಚು ಮುಖ್ಯ. 14422ಕ್ಕೆ ಸಂದೇಶ ಕಳಿಸಿದಾಗ ಕಂಪನಿ, ಮಾದರಿ ತಿಳಿಸುವ ಉತ್ತರದಲ್ಲಿಯೇ ಈ ದಿನಾಂಕವೂ ಸೇರಿದರೆ ಅದಕ್ಕಿಂತ ಸುಲಭದ ಹಲ್ಲೆಣಿಕೆ ಬೇರೊಂದಿಲ್ಲ.

ಇದು ಆಕಾಶದ ಹೂವಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಗೆ ಬಂದ ಕಾನೂನು, ಅಂತರ್ಜಾಲಕ್ಕೆ ಸೇರುವ ಗ್ರಾಹಕ ಸಾಧನಗಳ ತಯಾರಕರು ಕನಿಷ್ಠ ಎಷ್ಟು ಕಾಲ ಸುರಕ್ಷತಾ ಅಪ್‌ಡೇಟ್ ಕೊಡುತ್ತೇವೆಂದು ಬಹಿರಂಗವಾಗಿ ಹೇಳಲೇಬೇಕೆಂದು ವಿಧಿಸಿದೆ. ಐರೋಪ್ಯ ಒಕ್ಕೂಟ ಇನ್ನೂ ಮುಂದೆ ಹೋಗಿ, 2025ರ ಜೂನ್ 20ರಿಂದ, ಒಂದು ಮಾದರಿಯ ಮಾರಾಟ ನಿಲ್ಲಿಸಿದ ದಿನದಿಂದ ಕನಿಷ್ಠ ಐದು ವರ್ಷ ಅಪ್‌ಡೇಟ್, ಏಳು ವರ್ಷ ಬಿಡಿಭಾಗ ಒದಗಿಸಬೇಕೆಂದು ಕಟ್ಟುಮಾಡಿದೆ. ಗೂಗಲ್ 2023ರ ಪಿಕ್ಸೆಲ್ 8ಕ್ಕೂ ಸ್ಯಾಮ್‌ಸಂಗ್ 2024ರ ಎಸ್24ಕ್ಕೂ ಏಳು ವರ್ಷದ ಭರವಸೆ ಕೊಟ್ಟಿವೆ, ಆದ್ದರಿಂದ ತಾಂತ್ರಿಕವಾಗಿ ಅಸಾಧ್ಯ ಎಂಬ ಮಾತು ನಿಲ್ಲುವುದಿಲ್ಲ. ಆದರೆ ಅವು ಬಿಡುಗಡೆಯಾದಾಗ ಮುಕ್ಕಾಲು ಲಕ್ಷದ ಆಸುಪಾಸಿನ ಫೋನ್‌ಗಳು. ಹತ್ತು ಸಾವಿರದ ಫೋನ್ ಕೊಂಡವನಿಗೆ ಆ ಭಾಗ್ಯ ಅಪರೂಪ, ಮತ್ತು ಎರಡನೇ ಕೈಯಾಗಿ ನಮ್ಮ ಹಳ್ಳಿಗಳಿಗೆ ಬರುವುದು ಆ ಹತ್ತು ಸಾವಿರದ ಫೋನೇ.

ನಮ್ಮಲ್ಲಿಯೂ ಕೆಲಸ ಶುರುವಾಗಿಲ್ಲ ಎಂದಲ್ಲ. 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ದುರಸ್ತಿಯ ಹಕ್ಕಿನ ಜಾಲತಾಣವನ್ನು ಕೇಂದ್ರ ಸರ್ಕಾರ ತೆರೆಯಿತು. ವಸ್ತುವನ್ನು ದುರಸ್ತಿ ಮಾಡುವುದು ಎಷ್ಟು ಸುಲಭ ಎಂದು ಅಂಕದಲ್ಲಿ ತೋರಿಸುವ ದುರಸ್ತಿ ಸೂಚ್ಯಂಕಕ್ಕಾಗಿ 2024ರಲ್ಲಿ ನೇಮಿಸಿದ ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಮೊಬೈಲ್‌ಗಳಿಗೆ ಅಂಕ ಕೊಡುವಾಗ ಬಿಡಿಭಾಗ, ಬಿಚ್ಚುವ ಸುಲಭತೆಗಳ ಜೊತೆಗೆ ಸಾಫ್ಟ್‌ವೇರ್ ಅಪ್‌ಡೇಟನ್ನೂ ಅಳತೆಗೋಲಾಗಿ ಅದು ಹೇಳಿದೆ. ಸಂತೋಷ. ಆದರೆ ಹಲವು ಅಳತೆಗಳನ್ನು ಕಲಸಿ ಒಂದು ಅಂಕ ಕೊಟ್ಟರೆ ನನ್ನ ವಿದ್ಯಾರ್ಥಿನಿಗೆ ಪ್ರಯೋಜನವಿಲ್ಲ. ಮೇಷ್ಟರಾಗಿ ಮೂವತ್ತೊಂದು ವರ್ಷ ಅಂಕಪಟ್ಟಿ ಬರೆದವನ ಅನುಭವದಿಂದ ಹೇಳುತ್ತೇನೆ, ಒಟ್ಟು ಅಂಕದಲ್ಲಿ ಗಣಿತದಲ್ಲಿ ನಪಾಸಾದದ್ದು ಕಾಣುವುದಿಲ್ಲ. ಅವಳಿಗೆ ಬೇಕಾದದ್ದು ಒಂದೇ ತಿಂಗಳು, ಒಂದೇ ವರ್ಷ.

ರಾಜ್ಯ ಸರ್ಕಾರಕ್ಕೂ ಒಂದು ಮಾತು. ಕೂಲಿಯ ಹಾಜರಾತಿಯಿಂದ ಹಿಡಿದು ಅಂಗನವಾಡಿಯ ಪೋಷಣ್ ಟ್ರ್ಯಾಕರ್‌ವರೆಗೆ, 2025ರ ಸೆಪ್ಟೆಂಬರ್ 22ರಿಂದ ನಮ್ಮ ಶಿಕ್ಷಕರು ಮನೆಮನೆಗೆ ಹೋಗಿ ನಡೆಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯವರೆಗೆ ಸರ್ಕಾರಿ ಕೆಲಸವೆಲ್ಲ ಆ್ಯಪ್‌ಗಳ ಮೇಲೆ ನಿಂತಿದೆ. ಯಾವುದೇ ಇಲಾಖೆ ಆ್ಯಪ್ ಕಡ್ಡಾಯ ಮಾಡುವ ಸುತ್ತೋಲೆ ಹೊರಡಿಸುವಾಗ, ಅದು ಕನಿಷ್ಠ ಯಾವ ಆಂಡ್ರಾಯ್ಡ್ ಆವೃತ್ತಿಯಲ್ಲಿ ನಡೆಯುತ್ತದೆ, ಎಂದಿನವರೆಗೆ ನಡೆಯುತ್ತದೆ ಎಂಬುದನ್ನು ಅದೇ ಸುತ್ತೋಲೆಯಲ್ಲಿ ಬರೆಯಬೇಕು. ಅದಕ್ಕಿಂತ ಹಳೆಯ ಫೋನ್ ಇರುವವರಿಗೆ ಇಲಾಖೆಯೇ ಸಾಧನ ಒದಗಿಸಬೇಕು ಅಥವಾ ಪಂಚಾಯಿತಿ ಕಚೇರಿಯಲ್ಲಿ ಬೇರೆ ದಾರಿ ಇಡಬೇಕು. ಸಲಿಕೆ, ಪಿಕಾಸಿ ತರದವನಿಗೆ ಕೆಲಸವಿಲ್ಲ ಎಂದು ಹಿಂದೆ ಮೇಸ್ತ್ರಿಗಳು ಹೇಳುತ್ತಿದ್ದರು. ಆದರೆ ಸಲಿಕೆ ಒಂದು ದಿನ ಬೆಳಗ್ಗೆ ಎದ್ದು, ನಾನಿನ್ನು ಈ ಮಣ್ಣಿಗೆ ಹೊಂದುವುದಿಲ್ಲ ಎನ್ನುತ್ತಿರಲಿಲ್ಲ.

ಅಂಗಡಿಯವನು ಮೊದಲು ನಮಗೆ ಕೊಟ್ಟ ರಸೀದಿಯಲ್ಲಿ “ಓಲ್ಡ್ ಮೊಬೈಲ್ 1, ರೂ. 2,900” ಎಂದಷ್ಟೇ ಇತ್ತು. ಐದನೇ ದಿನ ಮತ್ತೆ ಹೋಗಿ, ನನ್ನ ಒತ್ತಾಯಕ್ಕೆ ಅದರ ಹಿಂಬದಿಯಲ್ಲಿ ಎರಡೂ ಐಎಂಇಐ ಸಂಖ್ಯೆ, ಆಂಡ್ರಾಯ್ಡ್ 7.0, ಕೊನೆಯ ಸುರಕ್ಷತಾ ಅಪ್‌ಡೇಟ್ 2018 ಎಂದು ಬರೆಸಿ ಸಹಿ ಹಾಕಿಸಿಕೊಂಡೆ. ಬರೆಯುತ್ತಾ ಅವನು, “ಇದನ್ನ ಮೊದ್ಲೇ ಬರೆದಿದ್ರೆ ನೀವು ತಗೋತಾ ಇರ್ಲಿಲ್ಲ ಅಲ್ವಾ ಸಾರ್” ಎಂದ. ತೆಗೆದುಕೊಳ್ಳುತ್ತಿದ್ದೆವು, ಆದರೆ 1,500ಕ್ಕೆ ಕೇಳುತ್ತಿದ್ದೆವು ಎಂದೆ. ಅಂಗಡಿಯ ಹೆಸರು ಮತ್ತು ಸಂಖ್ಯೆಗಳನ್ನು ಮರೆಮಾಡಿ ಆ ರಸೀದಿಯ ಎರಡೂ ಬದಿಯ ನಕಲನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಕೊರಟಗೆರೆ ತಾಲ್ಲೂಕು, ತುಮಕೂರು ಜಿಲ್ಲೆ